ಕೂದಲಲ್ಲಿ ಕಟ್ಟಿದ ಮಣಿಗಳು

"ಬಿಚ್ಚಬೇಡ ಕಣೆ ಧನು. ಇದು ದಾರ ಅಲ್ಲ, ಕೂದ್ಲು."

ರಾಜಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮೇಜಿನ ಮೇಲೆ ಹರಡಿದ್ದ ಕಪ್ಪು ಗೌನನ್ನು ಮುಟ್ಟದೆಯೇ ಬಗ್ಗಿ ನೋಡುತ್ತಿದ್ದರು. ಅವರ ಮಗ ಐರ್ಲೆಂಡಿನ ಈ ಕಾರ್ಕ್ ಊರಿನಲ್ಲಿ ಡಾಕ್ಟರ್. ಮನೆಯಲ್ಲಿ ಹೊತ್ತು ಹೋಗದೆ ಅವರು ಧನುಶ್ರೀಯ ಹೊಲಿಗೆ ಕೋಣೆಗೆ ಅಂಚು ಹೊಲಿಯಲು ಬರುತ್ತಿದ್ದರು. ಹಳೆಯ ಕಾಲದ ಮಾದರಿಯ ಮಣಿಗೌನುಗಳಿಗೆ ಧನುಶ್ರೀ ಡಬ್ಲಿನ್‌ವರೆಗೂ ಹೆಸರಾಗಿದ್ದಳು. ಹರಿದ ಹಳೆ ಉಡುಪುಗಳನ್ನು ಕೊಂಡು, ಮಣಿಗಳನ್ನು ಬಿಚ್ಚಿ, ಹೊಸ ಬಟ್ಟೆಗೆ ಕೂರಿಸುವುದು ಅವಳ ರೀತಿ. ಈ ಗೌನು ರಿಂಗಾಸ್ಕಿಡಿ ಕಡೆಯ ಯಾವುದೋ ಮನೆಯ ಹರಾಜಿನಿಂದ ಬಂದಿತ್ತು. ಒದ್ದೆ ಬೂದಿಯ ವಾಸನೆ ಹೊಡೆಯುತ್ತಿತ್ತು.

"ಆಂಟಿ, ನೂರು ವರ್ಷದ ಹಿಂದೆ ಇಲ್ಲಿಯವರು ಸತ್ತೋರ ಕೂದ್ಲಲ್ಲಿ ಬ್ರೋಚ್ ಮಾಡಿಸ್ಕೊಳ್ತಿದ್ರು. ಅದೊಂದು ಫ್ಯಾಷನ್ನು."

"ಸತ್ತೋಳದಲ್ಲ. ಬುಡ ನೋಡು, ಬೆಳ್ಳಗೈತೆ. ಬದುಕಿದ್ದೋಳು ಕಿತ್ಕೊಂಡಿರೋದು. ಬಿಟ್ಟುಹೋಗೋರನ್ನ ಕಟ್ಟಿಹಾಕೋಕೆ ಹೀಗೆ ಮಾಡ್ತಾರೆ. ಬಿಚ್ಚಿದೋಳಿಗೆ ಅವಳ ಜನಾನೇ ಉಳಿಯಲ್ಲ."

"ಮಾಟಕ್ಕೂ ವೀಸಾ ಸಿಕ್ತಾ ಇಲ್ಲಿ?" ಧನುಶ್ರೀ ನಕ್ಕಳು. "ನನಗೇ ಎಷ್ಟು ವರ್ಷ ಹಿಡೀತು! ಏನಾಗಲ್ಲ ಆಂಟಿ, ಇಲ್ಲಿಯವರು ಹೇಳೋ ಹಾಗೆ, ಎಲ್ಲ ಗ್ರ್ಯಾಂಡ್."

"ನಗು, ನಗು," ಎನ್ನುತ್ತ ರಾಜಮ್ಮ ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಬಿಟ್ಟುಹೋಗಲು ಅವಳಿಗೆ ಉಳಿದವರಾದರೂ ಯಾರು? ಗಂಡ ಹೋಗಿ ಮೂರು ವರ್ಷ. ಮೈಸೂರಿನ ಅಕ್ಕ ವನಜಾ ಫೋನಿನಲ್ಲಿ ಮಾತ್ರ. ಮತ್ತೆ ತೇಜು, ಏಳು ವರ್ಷದ ಮಗಳು. ಅವಳು ಶಾಲೆಗೆ ಹೋದ ಮೇಲೆ ಈ ಮನೆಯಲ್ಲಿ ಮಾತೆಂಬುದೇ ಇರುತ್ತಿರಲಿಲ್ಲ.

ಮೊದಲ ಗಂಟು ಕತ್ತರಿಸಿದಳು. ಮಣಿ ಸ್ಟೀಲ್ ತಟ್ಟೆಗೆ ಬಿತ್ತು. ಟಿಣ್. ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ಕೋಣೆ ಕಾಯಿಸುವ ರೇಡಿಯೇಟರ್ ಇರಬೇಕು. ಇನ್ನೊಂದು ಗಂಟು. ಇನ್ನೊಂದು ಉಸಿರು. ಮೂವತ್ತು ಮಣಿ ಬಿಚ್ಚುವಷ್ಟರಲ್ಲಿ ಬೆರಳುಗಳು ಮರಗಟ್ಟಿದ್ದವು. ಬೇಸರ ಕಳೆಯಲು ಅಕ್ಕನಿಗೆ ಫೋನ್ ಮಾಡಿದಳು.

"ಯಾರು ಬೇಕಿತ್ತು?"

"ನಾನು ಕಣೆ, ಧನು."

"ಯಾವ ಧನು? ರಾಂಗ್ ನಂಬರ್. ಇಡಿ."

ಅಕ್ಕನ ತಮಾಷೆ ಹೊಸದಲ್ಲ. ಆದರೆ ಅಕ್ಕ ಎಂದೂ ಅವಳಿಗೆ ಬಹುವಚನ ಹಚ್ಚಿದವಳಲ್ಲ. ಆಮೇಲೆ ವಿಚಾರಿಸಿದರಾಯಿತು ಎಂದುಕೊಂಡು ಅವಳು ಇನ್ನೂ ಹತ್ತು ಬಿಚ್ಚಿದಳು.

ಮೂರು ಗಂಟೆಗೆ ಶಾಲೆಯ ಬಾಗಿಲಲ್ಲಿ ತೇಜು ಟೀಚರ ಬೆನ್ನ ಹಿಂದೆ ಅಡಗಿಕೊಂಡಳು.

"ಐ ಡೋಂಟ್ ನೋ ಹರ್."

ದಿನಾ ನಗುತ್ತಿದ್ದ ಟೀಚರೂ ಅವಳನ್ನು ಗುರುತು ಹಿಡಿಯಲಿಲ್ಲ. ಆರು ಗಂಟೆಯೊಳಗೆ ಮಗುವಿನ ಮನೆಯವರು ಬರದಿದ್ದರೆ ಪೊಲೀಸರಿಗೆ ಒಪ್ಪಿಸುತ್ತೇವೆ, ನೀವು ಯಾರೋ ದಯವಿಟ್ಟು ಹೊರಡಿ, ಎಂದಳು.

ಧನುಶ್ರೀ ರಾಜಮ್ಮನ ಮನೆಗೆ ಓಡಿದಳು. ಸರಪಳಿ ಹಾಕಿದ ಬಾಗಿಲ ಸಂದಿಯಲ್ಲಿ ಅರ್ಧ ಮುಖ.

"ಯಾರಮ್ಮ ನೀನು?"

"ಆಂಟಿ, ನಾನು... ಕೂದ್ಲಲ್ಲಿ ಕಟ್ಟಿದ ಮಣಿ ಬಿಚ್ಚಿಬಿಟ್ಟೆ."

ಮುದುಕಿ ಗಾಬರಿಯಿಂದ ಹಿಂದೆ ಸರಿದರು. "ಅಯ್ಯೋ ದೇವ್ರೇ! ನಿನ್ನ ಕೂದ್ಲು ಕಿತ್ತು ಅದೇ ಜಾಗಕ್ಕೆ ಕಟ್ಟಬೇಕು ತಾಯಿ. ನಿನ್ನೋರಿಗೆ ನೀನು ಸಿಗ್ತೀಯ."

"ಅಷ್ಟೇನಾ?"

"ನಿನಗೆ ಅವರು ಸಿಗಲ್ಲ. ಒಂದೊಂದು ಗಂಟಿಗೂ ಒಂದೊಂದು ನೆನಪು ಹೋಗ್ತದೆ." ಬಾಗಿಲು ಮುಚ್ಚಿತು.

ನಾಲ್ಕೂವರೆಗೇ ಕಿಟಕಿ ಕಪ್ಪಾಗಿತ್ತು. ಅವಳು ದೀಪದ ಕೆಳಗೆ ಕೂತು ಕೂದಲು ಕಿತ್ತಳು. ನೆತ್ತಿ ಉರಿಯಿತು. ಸೂಜಿಗೆ ಪೋಣಿಸಿದಳು. ಮಣಿ. ಗಂಟು. ಅಮ್ಮನ ಸಾರಿನ ವಾಸನೆ ಹೋಯಿತು. ಮಣಿ. ಗಂಟು. ಹುಟ್ಟಿದ ಬೀದಿ ಹೋಯಿತು. ಗಂಡನ ಮುಖ ಹೋದಾಗ ನೋವಾಗಲಿಲ್ಲ. ಅಕ್ಕ ಹೋದಳು, ಯಾರಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಬೆನ್ನ ಹಿಂದೆ ಉಸಿರು ಹತ್ತಿರವಾಯಿತು. ಬೂದಿಯ ವಾಸನೆ ಕುತ್ತಿಗೆಗೆ ತಾಕಿತು. ತಿರುಗಲಿಲ್ಲ. ತಿರುಗಲು ಹೊತ್ತಿಲ್ಲ. ಐದೂವರೆ. ಮಣಿ. ಗಂಟು.

ಒಂದೇ ಮಣಿ ಉಳಿಯಿತು.

ತನ್ನವರ ನೆನಪೂ ಒಂದೇ ಉಳಿದಿತ್ತು. ಆಸ್ಪತ್ರೆಯ ಬಿಳಿ ಬಟ್ಟೆಯೊಳಗಿಂದ ಹೊರಬಂದು ತನ್ನ ಬೆರಳನ್ನು ಹಿಡಿದ, ಕೆಂಪಗಿನ ಪುಟ್ಟ ಮುಷ್ಟಿ. ಇಲ್ಲಿಗೇ ನಿಲ್ಲಿಸಿದರೆ ಅದು ಅವಳದಾಗಿ ಉಳಿಯುತ್ತದೆ. ಮಗು ಮಾತ್ರ ಯಾರದೋ ಬಾಗಿಲಲ್ಲಿ, ಯಾರೂ ಇಲ್ಲದವಳಾಗಿ ಕಾಯುತ್ತಿರುತ್ತದೆ.

ಅವಳು ಒಂದು ಚೀಟಿ ಬರೆದಳು. 'ತೇಜು ನಿನ್ನ ಮಗಳು. ಆರು ಗಂಟೆಯೊಳಗೆ ಶಾಲೆಗೆ ಹೋಗು.' ಕೆಳಗೆ ಶಾಲೆಯ ವಿಳಾಸ. ಚೀಟಿಯನ್ನು ಮುಂದೆಯೇ ಇಟ್ಟುಕೊಂಡು, ಕೂದಲು ಕಿತ್ತು, ಕೊನೆಯ ಗಂಟು ಹಾಕಿದಳು.

ಆರಕ್ಕೆ ಎರಡು ನಿಮಿಷ ಇರುವಾಗ ಶಾಲೆಯ ಬಾಗಿಲು ತೆರೆಯಿತು. "ಅಮ್ಮಾ!" ಒಂದು ಹುಡುಗಿ ಓಡಿಬಂದು ಅವಳ ಸೊಂಟವನ್ನು ತಬ್ಬಿ ಬಿಕ್ಕತೊಡಗಿದಳು.

ಪಾಪ, ಎಷ್ಟು ಹೆದರಿದೆ ಮಗು ಎನ್ನಿಸಿತು ಆ ಹೆಂಗಸಿಗೆ. ಆ ಬೆನ್ನ ಮೇಲೆ ಕೈಯಿಡಬಹುದೇ ಎಂದು ಕೇಳುವಂತೆ ಅವಳು ಟೀಚರ ಮುಖ ನೋಡಿದಳು.