ಬೇವಿನ ಮರದ ಕಡೆಯ ಬಾಗಿಲು

ಆಗಸ್ಟ್ ಹದಿನೆಂಟು, ಸೋಮವಾರ. ಬೆಳಿಗ್ಗೆ ಹೊಳೆಬಸಾಪುರ ಠಾಣೆಯ ಮೆಟ್ಟಿಲು ಹತ್ತಿ ಬಂದ ಬಸವಣ್ಣೆವ್ವ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಮುಂದೆ ನಿಂತಳು.

"ನನ್ನ ಸೊಸಿ ಬುತ್ತಿ ಗಂಟಿನ ಆಶಾಕ ಸತ್ತಾಳ ಅಂತ ಬರದೀರಂತಲ್ಲ. ಯಾರ್ರಿ ಆ ಸುಳ್ಳ ಬರದವರು?"

ಪಿಎಸ್‌ಐ ಅಲ್ಫಿಯಾ ಆ ಪ್ರಕರಣವನ್ನೇ ನೋಡಿರಲಿಲ್ಲ. ಹೋದ ವಾರವಿಡೀ ಅವಳು ನೆರೆ ಬಂದೋಬಸ್ತಿನಲ್ಲಿ ಸೇತುವೆ ಕಾಯುತ್ತ ನಿಂತಿದ್ದಳು. ಹಿಂದಿನ ರಾತ್ರಿಯಷ್ಟೇ ಠಾಣೆಗೆ ಮರಳಿದ್ದಳು. ಹೆಡ್ ಕಾನ್‌ಸ್ಟೇಬಲ್ ಮುದಕಪ್ಪ ಕಡತ ತಂದು ಮುಂದಿಟ್ಟ. ಅಸಹಜ ಸಾವಿನ ಪ್ರಕರಣ. ತುಂಗಭದ್ರೆಯ ನೀರು ಉಳ್ಳಾಗಡ್ಡಿ ಪುಡಿ ಕಾರ್ಖಾನೆಗೆ ನುಗ್ಗಿದಾಗ ಕಾರ್ಮಿಕರೆಲ್ಲ ಸುರಕ್ಷಿತವಾಗಿ ಹೊರಬಂದಿದ್ದು, ಹನಮಂತವ್ವ ಎಂಬಾಕೆ ಮಾತ್ರ ತನ್ನ ಬುತ್ತಿ ಗಂಟು ತರಲು ಮರಳಿ ಒಳಹೋಗಿ ಮುಳುಗಿ ಮೃತಪಟ್ಟಿರುತ್ತಾಳೆ. ಯಾರ ಮೇಲೂ ಸಂಶಯವಿರುವುದಿಲ್ಲ. ಹೇಳಿಕೆ ಕೊಟ್ಟವನು ಕಾರ್ಖಾನೆಯ ಮ್ಯಾನೇಜರ್ ಸಿದ್ದಲಿಂಗೇಶ. ಬರೆದುಕೊಂಡವರು ಠಾಣೆಯ ಎಎಸ್‌ಐ. ಅಲ್ಲಿ ದುಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳನ್ನೂ ಕೇಳಿರಲಿಲ್ಲ.

ನೆರೆ ಬಂದ ಊರಿನಲ್ಲಿ ಬಡವರ ಸಾವಿಗೆ ಕಾರಣ ಬರೆಯುವಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ಹೊಳೆಯ ಮೇಲೆ ಹಾಕಿದರೆ ಮುಗಿಯಿತು. ಹೊಳೆ ವಕೀಲರನ್ನು ಇಡುವುದಿಲ್ಲ, ಜಾಮೀನು ಕೇಳುವುದಿಲ್ಲ. ಅಲ್ಫಿಯಾ ಕಡತವನ್ನು ಮತ್ತೊಮ್ಮೆ ಓದಿದಳು. ತನ್ನದೇ ಠಾಣೆಯ ಮೊಹರು ಆ ಹೇಳಿಕೆಯ ಕೆಳಗೆ ದುಂಡಗೆ ಕೂತಿತ್ತು.

"ಸುಳ್ಳು ಅಂತ ಹೆಂಗ ಹೇಳ್ತೀರಿ ಅವ್ವಾರ?"

"ಅವತ್ತ ಆಕಿ ಬುತ್ತೀನ ಒಯ್ದಿದ್ದಿಲ್ಲ. ರೊಟ್ಟಿ ಇನ್ನೂ ಮನಿಯಾಗ ಬುಟ್ಟ್ಯಾಗ ಅದಾವು. ಒಣಗಿ ಹಪ್ಪಳ ಆಗ್ಯಾವು. ನಾ ತೆಗೆದಿಲ್ಲ." ಬಸವಣ್ಣೆವ್ವ ಮೇಜಿನ ಅಂಚು ಹಿಡಿದಳು. "ಮೊಮ್ಮಕ್ಕಳಿಗೆ ಶಾಲ್ಯಾಗ ಅಂತಾರ್ರೀ, ನಿಮ್ಮವ್ವ ರೊಟ್ಟಿಗಾಗಿ ಸತ್ಲು ಅಂತ. ಆ ಮಾತ ಹೊಡದ ಹಾಕ್ರಿ. ನನಗ ಮತ್ತೇನೂ ಬ್ಯಾಡ."

ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು. ಅದೇ ಕಾರ್ಖಾನೆಯ ಹಸೀನಾಬಿ. ಅಂಗೈಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅಲ್ಫಿಯಾ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಸೈರನ್ ಕೂಗಿತೇನು?"

"ಕೂಗಿತ್ರಿ. ನೀರು ಇನ್ನ ಪಾದದ ಮಟ್ಟ ಇತ್ತು."

"ಯಾವ ಕಡೆ ಓಡಿದ್ರಿ?"

"ನಕಾಶ್ಯಾಗ ಬಾಣ ತೋರಿಸಿದ ಕಡೆ. ಬೇವಿನ ಗಿಡದ ಕಡಿ ಬಾಗಿಲಕ್ಕ."

"ಬಾಗಿಲ ತೆರೆದಿತ್ತೇನು?"

"ಎಲ್ಲಿ ಬಾಗಿಲ ಮೇಡಂ? ಗ್ವಾಡಿ ಕಟ್ಟಿದ್ರಲ್ಲ."

ಅಲ್ಫಿಯಾ ಪೆನ್ನು ಕೆಳಗಿಟ್ಟಳು. "ಗೋಡೆ ಐತಿ ಅಂತ ಗೊತ್ತಿದ್ದೂ ಅತ್ತ ಯಾಕ ಓಡಿದ್ರಿ?"

"ಹೋದ ವರ್ಷ ಮೂರ ಸಲ ಅತ್ತಾಗ ಓಡಿಸಿ ಕಲಿಸ್ಯಾರ್ರಿ. ಸೈರನ್ ಕೇಳಿದ ಕೂಡ್ಲೆ ಕಾಲು ತಾವ ಅತ್ತ ಹೋದುವು. ಮಳಿಗಾಲಕ್ಕ ಗ್ವಾಡಿ ತೆಗೀತೀವಿ ಅಂದಿದ್ರು. ಮುಂದ ಚೀಲ ಒಟ್ಟಿದ್ರು, ತೆಗೆದಾರೋ ಇಲ್ಲೋ ಕಾಣ್ತಿದ್ದಿಲ್ಲ. ಚೀಲ ಎಳದ ನೋಡಿದ್ರ ಗ್ವಾಡಿ. ಬಡದ್ವಿ, ಬಡದ್ವಿ." ಅವಳು ಬಟ್ಟೆ ಸುತ್ತಿದ ಕೈ ಎತ್ತಿ ತೋರಿಸಿದಳು. "ನೀರು ಸೊಂಟಕ್ಕ ಬಂತು. ಹನಮಂತವ್ವಕ್ಕ ಸೀಟಿ ಊದಿ, ಎಲ್ಲಾರೂ ಸೆರಗ ಹಿಡ್ಕೊಂಡು ಮುಂದಿನ ಗೇಟಿಗೆ ನಡೀರಿ ಅಂದ್ಲು. ಎಲ್ಲಾರನ್ನೂ ಹೊರಗ ಕಳಿಸಿದ್ಲು. ನಾ ಗ್ವಾಡಿ ಬಿಡವಲ್ಲೆ ಆಗಿದ್ದೆ. ನನ್ನ ಸಲುವಾಗಿ ತಿರುಗಿ ಬಂದ್ಲು. ಗೇಟಿನಾಗ ಹೊರಗಿನವರು ಒಗೆದ ಹಗ್ಗಕ್ಕ ನನ್ನ ದೂಡಿದ್ಲು, ಆಕಿಗೆ ಹಗ್ಗ ಸಿಗಲಿಲ್ಲ."

"ಗೋಡೆ ಯಾಕ ಬಿಡವಲ್ಲೆ ಆಗಿದ್ದಿ?"

"ಆ ಕಡೆ ಮನಷ್ಯಾ ಇದ್ದ ಮೇಡಂ. ಮ್ಯಾಲಿನ ಗಾಳಿ ಜಾಳಗ್ಯಾಗಿಂದ ದನಿ ಕೇಳ್ತಿತ್ತು. 'ಸರ್, ಫೋನ್ ಎತ್ತರಿ ಸರ್' ಅಂತಿದ್ದ. ಒಡೀತಾನ, ಈಗ ಒಡೀತಾನ ಅಂತ ನಾ ಅಲ್ಲೇ ನಿಂತೆ."

ಅಂದೇ ಎಫ್‌ಐಆರ್ ದಾಖಲಾಯಿತು. ಬಿಎನ್‌ಎಸ್ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಎಎಸ್‌ಐ "ಹೆಂಗಸರ ಮಾತು ಕೇಳಿ ಕೇಸು ಹಾಕಿದ್ರ ನಾಳೆ ಕಾರ್ಖಾನಿ ಮುಚ್ಚತೈತಿ ಮೇಡಂ" ಎಂದು ಗೊಣಗಿದ. ಅಲ್ಫಿಯಾ ಅವನತ್ತ ನೋಡಿದ ನೋಟಕ್ಕೆ ಅವನು ಕ್ಯಾಪ್ ತಲೆಗಿಟ್ಟುಕೊಂಡು ಹೊರಗೆ ನಡೆದ.

ಮಧ್ಯಾಹ್ನ ಸಾಕ್ಷಿಗೆ ಪಂಚರಿಬ್ಬರನ್ನು ಕರೆದುಕೊಂಡು ಜೀಪು ಕಾರ್ಖಾನೆಗೆ ಹೋಯಿತು. ಉದ್ದನೆಯ ಶೆಡ್. ಮುಂದಿನ ಗೇಟು ಹೊಳೆಯ ಕಡೆಗೆ. ಹಿಂದೆ ನೆಲ ಏರುತ್ತ ಹೋಗಿ ದಿಬ್ಬವಾಗುತ್ತದೆ, ದಿಬ್ಬದ ಮೇಲೆ ಬೇವಿನ ಮರ. ನೀರು ಇಳಿದಿತ್ತು, ಕೊಳೆತ ಉಳ್ಳಾಗಡ್ಡಿಯ ನಾತ ಇಳಿದಿರಲಿಲ್ಲ. ಕಣ್ಣು ಉರಿಯುತ್ತಿತ್ತು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ನೆರೆ ಬಂದಾಗ ಯಾರು ಯಾವ ಕಡೆ ಹೊರಡಬೇಕೆಂಬ ನಕಾಶೆ ತೂಗುತ್ತಿತ್ತು. ಹಸಿರು ಬಾಣ ನೆಟ್ಟಗೆ ಬೇವಿನ ಮರದತ್ತ ಚಾಚಿತ್ತು. ಕೆಳಗೆ ಬರೆದಿತ್ತು: ಯೋಜನೆ ತಯಾರಿಸಿದವರು, ಸಿದ್ದಲಿಂಗೇಶ.

ಸಿದ್ದಲಿಂಗೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದ. ನಲವತ್ತರ ಆಸುಪಾಸು. ಯೋಜನೆಯ ಮಾತು ಬಂದೊಡನೆ ಮುಖ ಅರಳಿತು. ಬಾಗಿಲು, ಬಾಣ, ಸೈರನ್, ಮರದ ಕೆಳಗೆ ಸಾಲು, ತಲೆ ಎಣಿಕೆ, ಹೆಂಗಸರಿಗೊಬ್ಬ ಮುಂದಾಳು, ಆಕೆಯ ಕೊರಳಿಗೊಂದು ಸೀಟಿ. ಅಣಕು ಕಾರ್ಯಾಚರಣೆ ನೋಡಲು ಬಂದಿದ್ದ ಅಧಿಕಾರಿಗಳು ಚಪ್ಪಾಳೆ ತಟ್ಟಿದ್ದನ್ನೂ ಹೇಳಿದ.

"ಆ ಬಾಗಿಲ ತೋರಿಸ್ರಿ."

"ನೋಡ್ರಿ ಮೇಡಂ, ಇಲ್ಲೇ ಐತಿ. ತೆರದದ್ದ ಐತಿ. ಕರೆಂಟ್ ಹೋಗಿತ್ತು, ಗಾಬರ್ಯಾಗ ಅವರಿಗೆ ಕಾಣಲಿಲ್ಲ. ಕಲೀಲಾರದ ಹೆಂಗಸರು, ಏನ ಮಾಡೂದು?"

ಖರೆ, ಬಾಗಿಲು ತೆರೆದೇ ಇತ್ತು. ಆಚೆ ಬಿಸಿಲಲ್ಲಿ ಬೇವಿನ ಮರ ತಣ್ಣಗೆ ನಿಂತಿತ್ತು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಫಿಯಾ ಮಾತ್ರ ಬಾಗಿಲಿನ ಪಕ್ಕದ ಗೋಡೆ ನೋಡುತ್ತಿದ್ದಳು.

ಬೆಟಗೇರಿಯಲ್ಲಿ ಅವಳ ಅಪ್ಪನದು ನೆಲ ಅಗೆದು ಕೂರಿಸಿದ ಕುಣಿ ಮಗ್ಗ. ದೊಡ್ಡ ಮಳೆಗೆ ಕುಣಿಯೊಳಗೆ ನೀರು ನಿಂತು, ಇಂಗಿದ ಮೇಲೆ ಸುತ್ತಲೂ ಕೆಮ್ಮಣ್ಣಿನ ಗೆರೆ ಉಳಿಯುತ್ತಿತ್ತು. ಕುಣಿಯ ಗೋಡೆಗೆ ಹಲಗೆ ಒತ್ತಿ ನಿಂತಿದ್ದ ಕಡೆ ಮಾತ್ರ ಗೆರೆ ಇರುತ್ತಿರಲಿಲ್ಲ. ಇಲ್ಲಿಯೂ ಶೆಡ್ಡಿನ ಸುತ್ತ ಎದೆಯ ಮಟ್ಟಕ್ಕೆ ಕೆಸರು ಅಂಟಿ ಒಣಗಿತ್ತು. ಕಂಬ, ಗೋಡೆ, ಯಂತ್ರ, ಯಾವುದನ್ನೂ ಬಿಟ್ಟಿರಲಿಲ್ಲ. ಬಾಗಿಲಿನ ಎರಡೂ ಬದಿಯ ಒಳಮೈಯಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೊಂದು ಪಟ್ಟಿ ಹಳೆಯ ಸುಣ್ಣದಲ್ಲಿ ಬೆಳ್ಳಗೆ ಉಳಿದಿತ್ತು.

"ಮುದಕಪ್ಪ, ಹೊರಗಿಂದ ಒಂದು ಇಟ್ಟಂಗಿ ತಗೊಂಡ ಬರ್ರಿ."

ಮರದ ಹಿಂದಿನ ತಗ್ಗಿನಲ್ಲಿ ಇಟ್ಟಿಗೆಯ ರಾಶಿಯೇ ಬಿದ್ದಿತ್ತು. ಮುದಕಪ್ಪ ತಂದದ್ದರ ಒಂದು ಮುಖಕ್ಕೆ ಕೆಸರು ಮೆತ್ತಿ, ಅದರಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ಸಿಕ್ಕಿಕೊಂಡಿತ್ತು. ಉಳಿದ ಮುಖಗಳಲ್ಲಿ ಬರೀ ಗಾರೆ. ಅಲ್ಫಿಯಾ ಅದನ್ನು ಬಿಳಿ ಪಟ್ಟಿಗೆ ಒತ್ತಿ ಹಿಡಿದಳು. ಅಗಲ ಸರಿಯಾಗಿ ಕೂತಿತು. ಬಳಿಕ ಬಾಗಿಲ ಹಲಗೆಯ ಮೇಲೆ ಬೆರಳಾಡಿಸಿದಳು. ಜೇಡರ ಬಲೆ, ಧೂಳು. ಕೆಸರಿನ ಒಂದು ಹನಿಯೂ ಇರಲಿಲ್ಲ.

"ಊರೆಲ್ಲ ಮುಳುಗಿಸಿದ ಹೊಳಿ, ಇಷ್ಟ ಜಾಗಾ ಯಾಕ ಬಿಟ್ಟತಿ ಮ್ಯಾನೇಜರ್ರ? ನಿಮಗ ಅಂಜಿತೇನು?"

ಸಿದ್ದಲಿಂಗೇಶ ಕಿಸೆಯಿಂದ ಫೋನ್ ತೆಗೆದ. "ಅದು... ನಾ ಒಂದ ಮಾತ ಮಾಲಕರನ್ನ ಕೇಳಿ ಹೇಳ್ತೀನ್ರಿ."

"ಗೋಡೆ ಇತ್ತೋ ಇಲ್ಲೋ ಅನ್ನೂದಕ್ಕೂ ಮಾಲಕರನ್ನ ಕೇಳಬೇಕೇನು?"

ಅವನು ಫೋನ್ ಮತ್ತೆ ಕಿಸೆಗೆ ಹಾಕಿದ. ಎಲ್ಲವನ್ನೂ ಪಂಚನಾಮೆಯಲ್ಲಿ ಬರೆಸಿ, ಫೋಟೊ ತೆಗೆಸಿ, ಇಟ್ಟಿಗೆಯನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿದರು. ಹುಬ್ಬಳ್ಳಿಯ ಮಾಲೀಕನಿಗೆ ಅಲ್ಫಿಯಾ ತಾನೇ ಫೋನ್ ಮಾಡಿದಳು. "ಗೋಡೆಗೀಡೆ ನನಗೆ ಗೊತ್ತಿಲ್ಲ ಮೇಡಂ. ಅವತ್ತು ಬೀಗರ ಮನೆಯ ಮದುವೆಯಲ್ಲಿದ್ದೆ" ಎಂದು ಅವನು ಫೋನ್ ಇಟ್ಟ.

ಗೋಡೆ ಕಟ್ಟಿದವನು ಮಾರನೇ ದಿನ ಶಿರಹಟ್ಟಿಯಲ್ಲಿ ಸಿಕ್ಕ. ಗೌಂಡಿ ಗೌಸಸಾಬ, ಯಾರದೋ ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ. ಪೊಲೀಸರನ್ನು ಕಂಡು ಅಟ್ಟಣಿಗೆಯಿಂದ ಇಳಿದು ಬಂದ.

"ಕಟ್ಟಿದವರು ಯಾರು?"

"ನಾನ ರಿ. ಸಂಕ್ರಾಂತಿ ಮುಗಿದ ಮ್ಯಾಲ."

"ಕಟ್ಟಿಸಿದವರು?"

"ಮ್ಯಾನೇಜರ್ ಸಾಹೇಬ್ರು. ಮಕ್ಕಳ ತಾಯಂದ್ರು ಆ ಗಿಡಕ್ಕ ಜೋಳಗಿ ಕಟ್ಟಿ ಕೂಸು ಮಲಗಿಸ್ತಿದ್ರು. ಮೊಲಿ ಕೊಡಾಕ ಆ ಬಾಗಿಲದಾಗ ಹೋಗಿ ಬರ್ತಿದ್ರು. ಮಾಲಕ ನೋಡಿ ಎಲ್ಲಾರ ಮುಂದ ಇವರನ್ನ ಬೈದನಂತ, ಇದು ಕಾರ್ಖಾನಿಯೋ ಬಾಣಂತಿ ಖೋಲಿಯೋ ಅಂತ. ಮಾರನೇ ದಿನಾನ ನನ್ನ ಕರಿಸಿದ್ರು."

"ಒಡದವರು?"

"ಅದೂ ನಾನ. ನೀರು ಇಳದ ದಿನ ಮುಂಜಾನೆ ಕರದ್ರು. ನೆರಿಗೆ ಹಾಳಾಗೇತಿ, ತೆಗಿ ಅಂದ್ರು. ಒಳಗ ಹೆಣ್ಣಮಗಳು ಸತ್ತಾಳ ಅಂತ ನನಗ ಆಮ್ಯಾಲೆ ತಿಳೀತು ಮೇಡಂ, ಖುದಾನ ಆಣಿ."

"ಒಡಿಯಾಕ ಎಷ್ಟ ಹೊತ್ತು ಹಿಡೀತು?"

"ಹೊತ್ತ ಎಲ್ಲಿ ಬಂತ್ರಿ. ಮಳಿಗಾಲಕ್ಕ ತೆಗಿಯೂದೈತಿ, ಉಸುಕ ಹೆಚ್ಚ ಹಾಕಿ ಕಟ್ಟು ಅಂತ ಅವರ ಹೇಳಿದ್ರು. ಹಂಗ ಕಟ್ಟಿದ್ದೆ. ಹಾರಿಲೆ ನಾಕ ಏಟು, ಬಿತ್ತು."

"ಹಾರಿ ಯಾರದು?"

"ನಂದ ರಿ. ತೆಗಿಯಾಕ ಮತ್ತ ಬರೂದೈತಲ್ಲ ಅಂತ ಅಲ್ಲೇ ಬೇವಿನ ಗಿಡಕ್ಕ ಆನಿಸಿಟ್ಟಿದ್ದೆ. ಸಂಕ್ರಾಂತಿಯಿಂದ ಅಲ್ಲೇ ಇತ್ತು."

ಜೀಪು ಲಕ್ಷ್ಮೇಶ್ವರದ ರಸ್ತೆ ದಾಟಿತು. ಅಲ್ಫಿಯಾ ಒಮ್ಮೆಲೆ ಬಾಗಿಲಿಗೆ ಗುದ್ದಿದಳು. "ನಾಕ ಏಟು, ಮುದಕಪ್ಪ. ಬರೇ ನಾಕ ಏಟು."

ಗದಗಿನಿಂದ ಮೊಬೈಲ್ ಕರೆಗಳ ವಿವರ ಬಂತು. ನೆರೆಯ ದಿನ, ಸೈರನ್ ಕೂಗಿದ ಬಳಿಕ, ಸಿದ್ದಲಿಂಗೇಶನ ಫೋನಿನಿಂದ ಮಾಲೀಕನಿಗೆ ಒಂದರ ಹಿಂದೊಂದು ಆರು ಕರೆ. ಆರಕ್ಕೂ ಆ ಕಡೆಯಿಂದ ಉತ್ತರವಿರಲಿಲ್ಲ. ಶುಕ್ರವಾರ ಅವನನ್ನು ಠಾಣೆಗೆ ಕರೆಸಿದರು. ಅಲ್ಫಿಯಾ ಕೂರು ಎನ್ನುವವರೆಗೆ ಅವನು ಕೂರಲಿಲ್ಲ.

"ಸೈರನ್ ಒತ್ತಿದವರು ಯಾರು?"

"ನಾನ ರಿ. ನೀರು ರಸ್ತೆಕ್ಕ ಬಂದ ಕೂಡ್ಲೆ ಒತ್ತಿದೆ. ಒಂದ ನಿಮಿಷ ತಡ ಮಾಡಲಿಲ್ಲ."

"ಆಮ್ಯಾಲೆ?"

"ಗಿಡದ ಬುಡಕ್ಕ ಓಡಿದೆ. ತಲಿ ಎಣಸಾಕ. ಯೋಜನ್ಯಾಗ ನನ್ನ ಜಾಗಾ ಅದು."

"ಗೋಡೆ ನೆನಪ ಇದ್ದಿಲ್ಲೇನು?"

"ಖರೇನ ಇದ್ದಿಲ್ರಿ ಮೇಡಂ. ಅಲ್ಲಿ ನಿಂತು, ಯಾಕಿನ್ನೂ ಯಾರೂ ಬರವಲ್ರು ಅಂತ ನೋಡ್ಲಿಕ್ಕತ್ತಿದ್ದೆ. ಆಮ್ಯಾಲೆ ಬಡಿಯೂದು ಕೇಳಿಸ್ತು. ಒಳಗಿಂದ, ಕೈಲೆ."

"ಹಾರಿ ಎಲ್ಲಿತ್ತು?"

ಅವನು ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

"ಹಾರಿ ಎಲ್ಲಿತ್ತು ಸಿದ್ದಲಿಂಗೇಶ?"

"ಕೈ ಹತ್ರಾನ ಇತ್ರಿ."

"ಮಾಲಕಗ ಆರು ಸಲ ಯಾಕ ಫೋನ್ ಮಾಡಿದಿ?"

"ಕೇಳಾಕ."

"ಏನ ಕೇಳಾಕ?"

"ಗೋಡೆ... ಒಡೀಲೇನ್ರಿ ಅಂತ."

ಅಲ್ಫಿಯಾ ಕುರ್ಚಿ ಹಿಂದೆ ಬೀಳುವಂತೆ ಎದ್ದಳು. ಅವನನ್ನು ಹಿಡಿದು ಅಲ್ಲಾಡಿಸಬೇಕು, ಆ ಹಸಿರು ಬಾಣವನ್ನು ಅವನ ಕಣ್ಣೆದುರು ಚೂರು ಚೂರು ಮಾಡಬೇಕು ಎನ್ನಿಸಿತು. ರಾಕ್ಷಸನೊಬ್ಬ ಸಿಗುತ್ತಾನೆಂದು ಐದು ದಿನ ಬೆನ್ನು ಹತ್ತಿದ್ದಳು. ಸಿಕ್ಕವನು ಇವನು.

"ಯೋಜನೆ ಬರದವ ನೀನು. ಸೈರನ್ ಒತ್ತಿದವ ನೀನು. ನಾಕ ಏಟಿಗೆ ಬೀಳೂಹಂಗ ಕಟ್ಟಿಸಿದವನೂ ನೀನ. ಒಡೀಬೇಕಾದ್ರ ಮಾತ್ರ ಯಾರೋ ಹೂಂ ಅನ್ನಬೇಕಾಗಿತ್ತೇನು?"

"ಮಳಿಗಾಲಕ್ಕ ಮುಂಚೆ ಕೇಳಬೇಕು ಅಂತಾನ ಇದ್ದೆ ಮೇಡಂ. ಹುಬ್ಬಳ್ಳಿಗೆ ಹೋದಾಗೆಲ್ಲ ಬಾಯಿ ತನಕ ಬರ್ತಿತ್ತು. ಅವತ್ತ ಹೆಂಗಸರ ಮುಂದ ಹಂಗ ಬೈದಿದ್ರಲ್ಲ... ಮತ್ತ ಬೈಸಿಕೊಳ್ಳಾಕ ಧೈರ್ಯ ಆಗಲಿಲ್ಲ." ಅವನು ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನಂತೆ ಮೇಜು ನೋಡುತ್ತಿದ್ದ. "ಎಲ್ಲಾರೂ ಮುಂದಿನ ಗೇಟಿಲೆ ಬಂದ್ರು ಅಂದಾಗ, ಅಂತೂ ಪಾರಾದ್ವಿ ಅಂದ್ಕೊಂಡೆ. ಎಣಿಸಿದ್ರ ಒಬ್ಬಾಕಿ ಕಮ್ಮಿ."

"ಬುತ್ತಿ ಗಂಟು?"

"ಏನರೇ ಹೇಳಬೇಕಲ್ರಿ. ಬಾಯಿಗೆ ಬಂತು."

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಒಳಗೆ ಜೀವಗಳಿವೆ ಎಂದು ತಿಳಿದೂ, ಕೈಗೆಟುಕುವ ಹಾರೆ ಎತ್ತಲಿಲ್ಲ. ಹಾಗಾಗಿ ಕಲಂ 106ರ ಜಾಗಕ್ಕೆ 105, ಕೊಲೆಯಲ್ಲದ ನರಹತ್ಯೆ, ಬಂತು. ಗೋಡೆ ಒಡೆಸಿ ಸಾಕ್ಷ್ಯ ನಾಶ ಮಾಡಿದ್ದಕ್ಕೆ 238 ಸೇರಿತು. ಎರಡನೇ ಆರೋಪಿಯೆಂದು ಮಾಲೀಕನ ಹೆಸರನ್ನೂ ಬರೆಸಿದಳು. ಗೋಡೆ ಕಟ್ಟು ಎಂದು ಅವನು ಹೇಳಿರಲಿಕ್ಕಿಲ್ಲ. ಬೇರೆಯವರ ಕೈಯಿಂದ ಗೋಡೆ ಎಬ್ಬಿಸುವ ಬಾಯಿ ಮಾತ್ರ ಅವನದೇ. ಕೋರ್ಟಿನಲ್ಲಿ ಅದು ನಿಲ್ಲುತ್ತದೋ ಇಲ್ಲವೋ ಅಲ್ಫಿಯಾಗೆ ಗೊತ್ತಿರಲಿಲ್ಲ. ಅವನನ್ನು ಕರೆತರಲು ಮುದಕಪ್ಪನನ್ನು ಹುಬ್ಬಳ್ಳಿಗೆ ಕಳಿಸಿದಳು.

ಬಸವಣ್ಣೆವ್ವನನ್ನು ಕರೆಸಿ ಹೊಸದಾಗಿ ಬರೆದ ಸಾಲು ಓದಿ ಹೇಳಿದಳು. ಸಹಕೆಲಸಗಾರ್ತಿಯರನ್ನೆಲ್ಲ ಹೊರಗೆ ಕಳಿಸಿ, ಉಳಿದಿದ್ದ ಒಬ್ಬಳನ್ನು ರಕ್ಷಿಸಲು ಮರಳಿ ಹೋಗಿ ಹನಮಂತವ್ವ ಮೃತಪಟ್ಟಿರುತ್ತಾಳೆ.

"ಇನ್ನೊಮ್ಮೆ ಓದ್ರಿ" ಎಂದಳು ಬಸವಣ್ಣೆವ್ವ. ಅಲ್ಫಿಯಾ ಓದಿದಳು. ಮುದುಕಿ ಕಣ್ಣು ಮುಚ್ಚಿ, ತುಟಿಯಲ್ಲೇ ಹೇಳಿಕೊಂಡು, ಬಾಯಿಪಾಠ ಮಾಡಿಕೊಂಡಳು. ಮೊಮ್ಮಕ್ಕಳಿಗೆ ಹೇಳಬೇಕಿತ್ತು.

ಅವಳು ಹೋದ ಮೇಲೆ ಅಲ್ಫಿಯಾ ಹೊರಗೆ ಬಂದಳು. ಪಹರೆಯ ಪೊಲೀಸಿನವ ಲಾಕಪ್ಪಿನ ಬಾಗಿಲು ತೆರೆದಿಟ್ಟು, ಬೀಗ ತರಲು ಹೋಗಿದ್ದ. ಸಿದ್ದಲಿಂಗೇಶ ತೆರೆದ ಬಾಗಿಲ ಮುಂದೆ ಚಪ್ಪಲಿ ಕಳೆದು, ಕೈ ಕಟ್ಟಿಕೊಂಡು ನಿಂತಿದ್ದ. ಅವಳನ್ನು ಕಂಡು ಮೆಲ್ಲಗೆ ಕೇಳಿದ.

"ಮೇಡಂ, ಒಳಗ ಹೋಗಲೇನ್ರಿ?"