ರುಚಿ ನೋಡಬಾರದು

ಅಚ್ಚಿಗೆ ಹೋಗಲಿದ್ದ ಸಂಶೋಧನಾ ಪ್ರಬಂಧದಲ್ಲಿ ತನ್ನ ಹೆಸರು ಎರಡನೆಯದಾಗಿರುವುದನ್ನು ಕಂಡ ದಿನ ಪ್ರಯೋಗಾಲಯದ ಮುಖ್ಯಸ್ಥನಿಗೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೊದಲ ಹೆಸರು ಬಳ್ಳಿಯದೇ.

ಬಳ್ಳಿ ಎಂಬುದು ಅಲ್ಲಿನವರು ತಮ್ಮ ಜೊತೆ ಕೆಲಸಕ್ಕಿದ್ದ ಹುಡುಗಿಯೊಬ್ಬಳಿಗೆ ಇಟ್ಟ ಅಡ್ಡಹೆಸರು. ಕಟ್ಟಡದ ಹಿಂದಿನ ಗೋಡೆಗೆ ಹಬ್ಬಿದ್ದ, ಯಾರೂ ತಿರುಗಿ ನೋಡದ ಬಳ್ಳಿಯೊಂದರ ಬೇರಿನಿಂದ ಅವಳು ಸಾರ ತೆಗೆದಿದ್ದಳು. ಮೆದುಳಿನೊಳಗೆ ರಕ್ತನಾಳ ಒಡೆದಾಗ ಚೆಲ್ಲಿದ ರಕ್ತ ಒಂದು ಕೇಡಾದರೆ, ಅದರ ಸುತ್ತ ಏಳುವ ಬಾವು ಇನ್ನೊಂದು. ಉಳಿದ ಜೀವಕೋಶಗಳನ್ನೂ ಅದು ಹಿಸುಕಿ ಕೊಲ್ಲುತ್ತದೆ. ಈ ಸಾರ ಆ ಬಾವನ್ನು ತಡೆಯುತ್ತಿತ್ತು. ಕಾಲೆಳೆದುಕೊಂಡು ತೆವಳುತ್ತಿದ್ದ ಇಲಿಗಳು ಎದ್ದು ಓಡಾಡಿದವು. ಮುಖ್ಯಸ್ಥ ಜೀವಮಾನವೆಲ್ಲ ಹುಡುಕಿದ್ದನ್ನು ನಿನ್ನೆ ಮೊನ್ನೆ ಬಂದವಳು ಗೋಡೆಯ ಹಿಂದೆ ಕಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಅವಳನ್ನು ಆಡಿಕೊಂಡವನೂ ಅವನೇ.

ಈಗ ಅದು ಮೇಲಿನ ಮಹಡಿಯ ವಾರ್ಡಿನಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹೋಗಲಿತ್ತು. ಅಲ್ಲಿ ಸೋತರೆ ಬಳ್ಳಿ ಗಂಟುಮೂಟೆ ಕಟ್ಟುತ್ತಾಳೆ. ಎಲ್ಲರೂ ಮರೆತ ಮೇಲೆ ಅದೇ ಸಾರ, 'ಸುಧಾರಿತ ವಿಧಾನ', ಒಂದೇ ಹೆಸರು, ತನ್ನದು.

ಸಾರದ ಹೊಸ ಕ್ಯಾನು ಬಂದಾಗ ಯಂತ್ರ ಅದರ ಬಣ್ಣವನ್ನಷ್ಟೇ ಅಳೆಯುತ್ತಿತ್ತು. ಖರ್ಚು ಉಳಿಸಲು ಆ ನಿಯಮ ಮಾಡಿದವನು ಅವನೇ. ಬಣ್ಣಕ್ಕೆ ಸುಟ್ಟ ಸಕ್ಕರೆ ಸಾಕು. ತೊಡಕೆಂದರೆ ಬಳ್ಳಿಯ ನಾಲಿಗೆ. ಪ್ರತಿ ಸಲ ಒಂದು ತೊಟ್ಟನ್ನು ಬೆರಳ ತುದಿಗೆ ತಗುಲಿಸಿ ನೆಕ್ಕುವ ಚಾಳಿ ಅವಳದು. ಒಮ್ಮೆ ಅವನಿಗೂ ನೆಕ್ಕಿಸಿದ್ದಳು; ಊಟವಾದರೂ ಆ ಕಹಿ ಬಾಯಿ ಬಿಟ್ಟಿರಲಿಲ್ಲ.

ಅವನು ಗೋಡೆಗೆ ಸುತ್ತೋಲೆ ಅಂಟಿಸಿದ. ಇನ್ನು ಮುಂದೆ ಯಾರೂ ಏನನ್ನೂ ರುಚಿ ನೋಡಬಾರದು.

"ಇದು ಅಡುಗೆಮನೆ ಅಲ್ಲಮ್ಮ, ಉಪ್ಪು ಖಾರ ನೋಡೋಕೆ," ಅಂದ.

"ಯಂತ್ರಕ್ಕೆ ಕಹಿ ಗೊತ್ತಾಗಲ್ವಲ್ಲ ಸರ್," ಅಂದಳು ಬಳ್ಳಿ.

"ಯಂತ್ರಕ್ಕೆ ಚಾಡಿ ಹೇಳೋಕೂ ಬರಲ್ಲ. ಅದಕ್ಕೇ ಅದನ್ನ ನಂಬೋದು."

ಎಲ್ಲರೂ ನಕ್ಕರು. ಬಳ್ಳಿ ಬೆರಳನ್ನು ಕೋಟಿಗೆ ಒರೆಸಿಕೊಂಡಳು.

ಎಲ್ಲರೂ ಊಟಕ್ಕೆ ಹೋದ ಹೊತ್ತು ಕೆಲಸ ಮುಗಿಯಿತು. ನಿಜವಾದ ಸಾರ 'ಕೆಟ್ಟ ಸ್ಪಿರಿಟ್' ಎಂದು ಬರೆದ ಸೀಸೆಗೆ, ಸೀಸೆ ಅವನ ಕೋಣೆಯ ಕಪಾಟಿಗೆ, ಬೀಗದ ಕೈ ಅವನ ಜೇಬಿಗೆ. ಕ್ಯಾನಿನಲ್ಲಿ ಸಕ್ಕರೆ ನೀರು. ನಡುವೆ ಹೆಂಡತಿಯ ಫೋನು ಬಂತು.

"ರೀ, ಬೀಪಿ ಮಾತ್ರೆ ತಗೊಂಡ್ರಾ?"

"ಆಯ್ತು."

ಎಲ್ಲದಕ್ಕೂ ಆಯ್ತು ಅನ್ನುವವನು ಅವನು. ರಜೆ ಕೇಳಿದವರಿಗೆ, ಕಷ್ಟ ಹೇಳಿಕೊಂಡವರಿಗೆ. ಸಾಹೇಬರು ಆಯ್ತು ಅಂದರೆ ಮಾತು ಮುಗಿಯಿತು, ಜಾಗ ಖಾಲಿ ಮಾಡು ಎಂದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ರೋಗಿಗಳ ಬಗ್ಗೆಯೂ ಯೋಚಿಸಿದ್ದ, ಲೆಕ್ಕಕ್ಕೆ ಬೇಕಾದಷ್ಟು. ಪ್ರಜ್ಞೆ ಇಲ್ಲದವರಿಗೆ ಸಾರವನ್ನು ಮೂಗಿನ ನಳಿಕೆಯಲ್ಲಿ ಹಾಕುತ್ತಾರೆ; ನಳಿಕೆಗೆ ನಾಲಿಗೆಯಿಲ್ಲ. ಅವರು ಹೇಗೂ ಸಾಯುವವರು. ಸಾಯುವವರು ಸತ್ತರೆ ಯಾರು ಕೇಳುತ್ತಾರೆ?

ಸುಣ್ಣ ಹೊಡೆಯುವವನೊಬ್ಬ ಸತ್ತ. ಶಾಲೆಯಲ್ಲಿ ಗಂಟೆ ಬಾರಿಸುವವಳು ಸತ್ತಳು. ಬಸ್ಸಿನ ಕಂಡಕ್ಟರ್ ಉಳಿದ, ಒಂದು ಮಗ್ಗುಲು ಮಾತ್ರ. ಸುಣ್ಣದವನ ಮಗ ಲಿಫ್ಟಿನ ಮುಂದೆ ಮುಖ್ಯಸ್ಥನಿಗೆ ಕೈ ಮುಗಿದ. ಅವನ ಉಗುರಲ್ಲೂ ಸುಣ್ಣವಿತ್ತು.

"ನಿಮ್ ಕೈಲಾದ್ದು ಮಾಡಿದ್ರಿ ಸಾಹೇಬ್ರೆ."

"ಆಯ್ತು," ಅಂದು ಮುಖ್ಯಸ್ಥ ಗುಂಡಿ ಒತ್ತಿದ. ಮಧ್ಯಾಹ್ನದ ಊಟ ಎಂದಿನಂತೆ ಸೇರಿತು.

ಬಳ್ಳಿ ಬಡವಾಗುತ್ತಾ ಹೋದಳು. ವಾರ್ಡಿನ ಬಾಗಿಲಲ್ಲೇ ನಿಂತಿರುತ್ತಿದ್ದಳು. ಪ್ರಯೋಗ ನಿಲ್ಲಿಸುವ ಆದೇಶ ಸಿದ್ಧವಾಯಿತು. ಸಹಿ ಹಾಕುವಾಗ ಮುಖ್ಯಸ್ಥನ ಪೆನ್ನು ಜಾರಿತು. ಎತ್ತಿಕೊಳ್ಳಲು ಬಗ್ಗಿದ. ಬಲಗೈ ಯಾರದ್ದೋ ಎಂಬಂತೆ ನೇತಾಡುತ್ತಿತ್ತು.

ಕಣ್ಣು ಬಿಟ್ಟಾಗ ಮೇಲಿನ ವಾರ್ಡು. ಬಳ್ಳಿ ಬಾಗಿ ನಿಂತಿದ್ದಳು.

"ಸರ್, ಬೇರೆಯವರೆಲ್ಲ ತಡವಾಗಿ ಬಂದ್ರು, ಅದಕ್ಕೇ ಹಿಡೀಲಿಲ್ಲ ಅನ್ಸುತ್ತೆ. ನೀವು ಬೇಗ ಬಂದಿದೀರಿ. ಎಚ್ಚರಾನೂ ಇದೀರಿ. ಕೊಡ್ಲಾ?"

ಕಪಾಟು, ಜೇಬು, ಸ್ಪಿರಿಟ್ ಸೀಸೆ. ಎಲ್ಲ ಮಾತುಗಳೂ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಬಾಯಿಗೆ ಬಂದದ್ದು ಒಂದೇ.

"ಆಯ್ತು."

ಎಡಗೈ ಬೆರಳಿಂದ ನೆಲ ತೋರಿಸಿದ. ಕಪಾಟು ಇದ್ದದ್ದು ನೇರ ಕೆಳಗೇ.

"ಹಾಸಿಗೆ ಇಳಿಸ್ಬೇಕಂತೆ ಸಿಸ್ಟರ್," ಅಂದಳು ಬಳ್ಳಿ. ಹಾಸಿಗೆ ಕೆಳಗಿಳಿಯಿತು.

"ಆಯ್ತು. ಆಯ್ತು. ಆಯ್ತು."

"ಕೊಡಮ್ಮ, ಅವರೇ ಒಪ್ತಿದಾರಲ್ಲ," ಅಂದಳು ಹೆಂಡತಿ, ಗಂಡನ ಕೋಟಿನ ಜೇಬಿಂದ ತೆಗೆದ ಮಾತ್ರೆಯ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು. "ದಿನಾ ಕೇಳ್ತಿದ್ದೆ, ದಿನಾ ಆಯ್ತು ಅಂತಿದ್ರು. ನೋಡು, ಒಂದು ಗುಳಿಗೇನೂ ಕಿತ್ತಿಲ್ಲ." ಎಲ್ಲರ ತಲೆಯ ಲೆಕ್ಕ ಹಾಕಿದವನು ತನಗೂ ಒಂದು ತಲೆಯಿದೆ ಎಂಬುದನ್ನು ಮರೆತಿದ್ದ. ಬಳ್ಳಿ ಚಮಚವನ್ನು ಅವನ ತುಟಿಗೆ ಹಿಡಿದು, "ತುಂಬಾ ಕಹಿ ಇರುತ್ತೆ ಸರ್, ನಿಮಗೆ ಗೊತ್ತಲ್ಲ, ಸ್ವಲ್ಪ ತಡ್ಕೊಳ್ಳಿ," ಅಂದಳು. ಜೋಮು ಹಿಡಿಯದೆ ಉಳಿದ ಅರ್ಧ ನಾಲಿಗೆಗೆ ರುಚಿ ತಿಳಿಯಿತು. ಸಿಹಿಯಾಗಿತ್ತು.