ವಸಡಿನ ಕಾವಲು

ಡಾಕ್ಟರ್ ವಾರಿಜಾ ಪೆನ್ಸಿಲ್ ಗಾತ್ರದ ವಸಡುದರ್ಶಕವನ್ನು ಕಾಶವ್ವನ ಬಾಯೊಳಗೆ ಮೆಲ್ಲನೆ ಆಡಿಸಿದಳು. ಎದುರಿನ ಪರದೆಯ ಮೇಲೆ ಒಂದೊಂದೇ ಹಲ್ಲಿನ ಬುಡ ಮೂಡಿತು. ಎಲ್ಲೆಲ್ಲೂ ಆರೋಗ್ಯದ ಹಸಿರು. ಎರಡು ವರ್ಷದ ಹಿಂದೆ ಇದೇ ಬಾಯಿ ಪರದೆಯನ್ನೆಲ್ಲ ಕೆಂಪಾಗಿಸಿತ್ತು. ಮುಂದಿನ ಎರಡು ಹಲ್ಲುಗಳು ನಾಲಿಗೆ ತಾಗಿದರೂ ಅಲುಗಾಡುತ್ತಿದ್ದವು.

ವಸಡಿನ ಕಾಯಿಲೆ ಮೊದಮೊದಲು ನೋಯುವುದಿಲ್ಲ. ಅದೇ ಅದರ ಮೋಸ. ಹಲ್ಲಿನ ಪಾಚಿಯಲ್ಲಿ ಬೆಳೆದ ರೋಗಾಣುಗಳು ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಇಳಿಯುತ್ತವೆ. ಸಂದಿ ಆಳವಾಗುತ್ತದೆ, ಒಳಗಿನ ಎಲುಬು ಸವೆಯುತ್ತದೆ. ರೋಗಿಗೆ ಅರಿವಾಗುವ ಹೊತ್ತಿಗೆ ಹಲ್ಲು ಸಡಿಲವಾಗಿರುತ್ತದೆ. ವಾರಿಜಾ ಹನ್ನೆರಡು ವರ್ಷ ದುಡಿದು ರೂಪಿಸಿದ ಕಾವಲು ಜೀವಾಣುಗಳು ಆ ಸಂದಿಗಿಳಿದು ರೋಗಾಣುಗಳನ್ನು ತಿಂದುಹಾಕುತ್ತಿದ್ದವು, ಬಿರಿದ ವಸಡನ್ನು ಬೆಸೆದು ಮುಚ್ಚುತ್ತಿದ್ದವು. ಒಮ್ಮೆ ಹಚ್ಚಿದರೆ ಸಾಕು, ಬಾಯಲ್ಲೇ ನೆಲೆಯೂರುತ್ತಿದ್ದವು. ರಬಕವಿಯ ಈ ನೇಕಾರರ ಓಣಿಯಲ್ಲೇ ಅವನ್ನು ಮೊದಲು ಬಳಸಿದ್ದು.

"ನಂದು ಆತಲ್ಲರಿ, ಇದರ ಬಾಯಿ ಒಂದೀಟು ನೋಡ್ರಿ," ಎಂದು ಕಾಶವ್ವ ಮೊಮ್ಮಗಳು ದಾನವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಹದಿನಾರು ತಿಂಗಳಾತು. ಒಂದ ಹಲ್ಲೂ ಮೂಡಿಲ್ಲ."

"ಕೆಲವು ಮಕ್ಕಳಿಗೆ ತಡವಾಗುತ್ತೆ ಅಮ್ಮಾ."

"ನಮ್ಮ ಓಣ್ಯಾಗ ಇದರ ವಾರಿಗೆ ಕೂಸು ಹನ್ನೊಂದು ಅದಾವ್ರಿ. ಹನ್ನೊಂದಕ್ಕೂ ಇಲ್ಲ."

ವಾರಿಜಾ ವಸಡುದರ್ಶಕವನ್ನು ಮಗುವಿನ ಬಾಯಿಗೆ ಇಳಿಸಿದಳು.

ಮಗುವಿನ ಬಾಯಿಯೂ ಪರದೆಯ ಮೇಲೆ ಹಸಿರಾಗಿಯೇ ಕಂಡಿತು. ಆದರೆ ಎಕ್ಸ್‌ರೇ ಬೇರೆ ಮಾತು ಹೇಳಿತು. ಆರು ಹಾಲುಹಲ್ಲುಗಳು ಪೂರ್ತಿ ಬೆಳೆದು, ಮೇಲೆ ಬರಲು ದಾರಿ ಸಿಗದೆ ವಸಡಿನ ಅಡಿಯಲ್ಲೇ ಅಡ್ಡಡ್ಡ ವಾಲಿದ್ದವು. ಹಲ್ಲು ಮೂಡಬೇಕಾದರೆ ವಸಡು ಬಿರಿಯಬೇಕು. ಕಾವಲು ಜೀವಾಣುಗಳಿಗೆ ಆ ಬಿರುಕೂ ಗಾಯವೇ. ಬಿರಿದಾಗಲೆಲ್ಲ ಅವು ಮುಚ್ಚಿದ್ದವು.

"ಕೂಸಿಗೆ ಊಟ ಹೇಗೆ ಕೊಡ್ತೀರಿ?"

"ಬಿಸಿ ಐತೇನಂತ ಮೊದಲ ನಾ ಬಾಯಾಗ ಇಟ್ಕೊಂಡು ನೋಡಿ, ಮೆತ್ತಗ ಮಾಡಿ ತಿನಸ್ತೀನ್ರಿ. ಎಲ್ಲಾರೂ ಹಂಗ ಮಾಡ್ತಾರ." ಕಾಶವ್ವನ ದನಿ ಇಳಿಯಿತು. "ನನ್ನ ಬಾಯಿಂದ ಏನರ ಆತೇನ್ರಿ?"

"ನಿಮ್ಮಿಂದ ಅಲ್ಲ. ನನ್ನಿಂದ."

ಪ್ರಯೋಗಾಲಯದ ಅಷ್ಟೂ ಪರೀಕ್ಷೆಗಳು ಹಲ್ಲಿದ್ದ ದೊಡ್ಡವರ ಮೇಲೇ ನಡೆದಿದ್ದವು. ಹಲ್ಲು ಹುಟ್ಟಬೇಕಾದವರ ನೆನಪು ಯಾರಿಗೂ ಆಗಿರಲಿಲ್ಲ. ಅಂದು ವಾರಿಜಾ ಮಗುವಿನ ವಸಡನ್ನು ಸಣ್ಣಗೆ ಕೊಯ್ದು ಹಲ್ಲಿಗೆ ದಾರಿ ಮಾಡಿದಳು. ಮರುದಿನ ಬೆಳಿಗ್ಗೆ ನೋಡಿದರೆ ಗಾಯದ ಗುರುತೂ ಇರಲಿಲ್ಲ.

ಅವಳು ಸಂಶೋಧನಾಲಯದ ನಿರ್ದೇಶಕರಿಗೆ ಫೋನ್ ಮಾಡಿದಳು. "ಈ ಜೀವಾಣುಗಳನ್ನ ಆರು ಜಿಲ್ಲೆಗೆ ಕಳಿಸಿ ಆಗಿದೆ ವಾರಿಜಾ. ಇನ್ನೊಂದು ಸಲ ಪರೀಕ್ಷೆ ಮಾಡಿ, ಆಮೇಲೆ ಮಾತಾಡೋಣ," ಎಂದು ಅವರು ಫೋನ್ ಇಟ್ಟರು.

ಕಾವಲು ಜೀವಾಣುಗಳನ್ನು ಕೊಲ್ಲುವ ಮದ್ದು ಅವಳ ಬಳಿ ಇತ್ತು. ಆದರೆ ಓಣಿಯ ಎಲ್ಲರೂ ಒಟ್ಟಿಗೆ ಬಾಯಿ ಮುಕ್ಕಳಿಸಬೇಕಿತ್ತು, ಕೂಸುಗಳ ವಸಡಿಗೆ ಅದನ್ನು ಸವರಬೇಕಿತ್ತು. ಒಂದು ಬಾಯಿ ಉಳಿದರೂ ಅಲ್ಲಿಂದ ಅವು ಎಂಜಲಿನ ಮೂಲಕ ಮತ್ತೆ ಎಲ್ಲರ ಬಾಯಿಗೂ ಹಬ್ಬುತ್ತವೆ. ಕಾವಲು ಹೋದರೆ ಹಳೆಯ ಕಾಯಿಲೆ ಮರಳುವುದೂ ಖಂಡಿತ. ಆ ಸಂಜೆ ಮಗ್ಗಗಳನ್ನು ನಿಲ್ಲಿಸಿ ಜನ ನೇಕಾರರ ಸಂಘದಲ್ಲಿ ಸೇರಿದಾಗ ಅವಳು ಯಾವುದನ್ನೂ ಮುಚ್ಚಿಡಲಿಲ್ಲ.

ಈರಪ್ಪ ಎಂಬ ವಯಸ್ಸಾದ ನೇಕಾರ ಎದ್ದು ನಿಂತ. "ಮೂವತ್ತು ವರ್ಷ ನನ್ನ ಬಾಯಿ ನಾರತಿತ್ರಿ. ಈಗ ಹೆಂಡತಿ ಮಗ್ಗಲಕ್ಕ ಕುಂತು ಮಾತಾಡ್ತಾಳ. ಅದನ್ನ ಹೊಳ್ಳಿ ಕೊಡು ಅಂತೀರೇನು?"

"ಹೌದು," ಎಂದಳು ವಾರಿಜಾ. "ಅದನ್ನೇ ಕೇಳ್ತಿದ್ದೀನಿ."

ಈರಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಹೊರನಡೆದ. ಕಾಶವ್ವ ದಾನವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಮದ್ದಿನ ಲೋಟಕ್ಕೆ ಕೈಚಾಚಿದಳು. "ನನ್ನ ಹಲ್ಲು ಬಿದ್ದರ ಬೀಳಲಿ. ನಾ ಅರವತ್ತು ವರ್ಷ ತಿಂದೀನಿ. ಇದು ಇನ್ನಾ ತಿನ್ನಬೇಕು." ಅವಳ ಹಿಂದೆ ತಾಯಂದಿರು ಬಂದರು, ಆಮೇಲೆ ತಲೆ ತಗ್ಗಿಸಿಕೊಂಡು ಗಂಡಸರು.

ರಾತ್ರಿ ಊಟದ ಹೊತ್ತಿಗೆ ಓಣಿಯ ಎಲ್ಲ ಮನೆಗಳೂ ಮುಗಿದವು, ಒಂದನ್ನು ಬಿಟ್ಟು. ಈರಪ್ಪನ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

"ಮುಂದಿನ ವಾರ ಅವನ ಮಗಳು ಹಸಿ ಕೂಸು ಎತ್ಕೊಂಡು ಬಾಣಂತನಕ್ಕ ಬರ್ತಾಳ್ರಿ," ಎಂದಳು ಕಾಶವ್ವ, ಮೆಲ್ಲಗೆ.

ವಾರಿಜಾ ಬಾಗಿಲು ಬಡಿದಳು. ಒಳಗೆ ಯಾರೋ ಹುರಿದ ಕಡಲೆಯನ್ನು ಕಟಕಟ ಕಡಿಯುತ್ತಿದ್ದ ಸದ್ದು ನಿಂತಿತು. ಅವಳು ಲೋಟ ಹಿಡಿದುಕೊಂಡೇ ಕಾದಳು.

ಸ್ವಲ್ಪ ಹೊತ್ತಿಗೆ ಆ ಸದ್ದು ಮತ್ತೆ ಶುರುವಾಯಿತು.